ಬೀಸುವ ಕಲ್ಲಿನ ಎದುರು ಕೈ

“ಬೀಸೋ ಕಲ್ಲಿನ ಗೂಟ ಯಾಕೆ ಬಿಟ್ಟೆ? ಹಾಕಿದ ರಾಗಿ ಮುಗಿಯೋಗಂಟ ಕೈ ಬಿಡಬ್ಯಾಡ ಅಂತ ಬಡ್ಕೊಂಡೆ ತಾನೆ!”

“ನಾನು ಕೂತಿದ್ದು ಫೋಟೋಗೆ, ಅಜ್ಜಿ, ಸಂಸಾರ ಮಾಡೋಕಲ್ಲ!” ಚೈತ್ರಳೂ ಬಿಡಲಿಲ್ಲ.

ಮುನಿಕೃಷ್ಣನ ತಲೆ ಕೆಟ್ಟುಹೋಯಿತು. ಭಾನುವಾರ ಮಗ್ಗ ನಿಲ್ಲಿಸಿ, ಹೆಂಡತಿಯನ್ನೂ ಅಜ್ಜಿ ನಾಗಲಕ್ಷ್ಮಮ್ಮನನ್ನೂ ರಾಜಘಟ್ಟದ ಆಚೆ ಹೊಸದಾಗಿ ಕಟ್ಟಿದ್ದ ‘ಹಳೇ ಹಳ್ಳಿ’ ತೋರಿಸಲು ಅವನೇ ಕರೆತಂದಿದ್ದ. ಅಲ್ಲಿ ಸಂಬಳದ ಜನ ಕಚ್ಚೆ ಕಟ್ಟಿ ಮಡಕೆ ಮಾಡುತ್ತಿದ್ದರು, ಒನಕೆ ಹಿಡಿದು ಕುಟ್ಟುತ್ತಿದ್ದರು. ನೋಡಲು ಬಂದವರೂ ಕೈ ಹಾಕಬಹುದಿತ್ತು. ಸಂಜೆ ಮಳೆ ಹಿಡಿದು ಎಲ್ಲರೂ ಜಗಲಿಯಲ್ಲಿ ಸಿಕ್ಕಿಕೊಂಡರು. ಅಜ್ಜಿ ಅವರತ್ತ ತಿರುಗಿದಳು.

“ನೀವೂ ಕೇಳ್ರಪ್ಪಾ... ಆ ಬೀಸೋ ಕಲ್ಲು ನಮ್ಮನೇದು. ಅಂಚು ಒಡೆದಿರೋದು ನೋಡಿದ್ರಾ? ನಮ್ಮ ಅತ್ತಿಗೆ ಅಮ್ಮಯಮ್ಮ, ಅವಳ ವಾರಗಿತ್ತಿ, ಇಬ್ರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸೋರು, ಒಬ್ಬಳ ಕೈಗೆ ಜಗ್ಗೋ ಕಲ್ಲಲ್ಲ ಅದು. ಒಂದಿನ ಮಾತಿಗೆ ಮಾತು ಬೆಳೆದು ವಾರಗಿತ್ತಿ ಕೈಬಿಟ್ಟು ತವರಿಗೆ ಹೋದ್ಳು... ಬರ್ತಾಳೆ, ಬರ್ತಾಳೆ ಅಂತ ಅತ್ತಿಗೆ ಜೀವ ತೇಯ್ಕೊಂಡು ಒಬ್ಬಳೇ ತಿರುಗಿಸ್ತಾನೇ ಕೂತ್ಲು, ರಾಗಿ ಮುಗೀತು, ಬರೀ ಕಲ್ಲು ತಿರುಗಿಸಿದ್ಲು, ಯಾರು ಕರೆದ್ರೂ ಏಳ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಮಡಿಲ ತುಂಬ ಕಲ್ಲಿನ ಪುಡಿ... ಉಸಿರಿಲ್ಲ. ಬೆರಳು ಬಿಡಿಸೋಕಾಗದೆ ಗೂಟನೇ ಕಿತ್ವಿ, ಅಂಚು ಒಡೆದಿದ್ದು ಆಗ. ತೋಪಿಗೆ ಎಸೆದಿದ್ದ ಕಲ್ಲನ್ನ ಈ ಹಳ್ಳಿ ಕಟ್ಟಿದೋರು ಹೊತ್ಕೊಂಡು ಬಂದು ಹೊಸ ಗೂಟ ಹಾಕವ್ರೆ.”

“ಸುಳ್ಳು! ಒಬ್ಬಳೇ ತಿರುಗಿಸಿದೆ, ಹೂವಿನ ಹಂಗಿತ್ತು,” ಎಂದು ಚೈತ್ರ ಮೂತಿ ತಿರುವಿದಳು.

ಅಜ್ಜಿ ಬಿಳಿಚಿಕೊಂಡಳು. “ಒಬ್ಬಳೇನಾ?... ಹಂಗಾದ್ರೆ ಎದುರುಗಡೆ ಎಳೆದೋರು ಯಾರಮ್ಮಾ?”

ಅಂಗಳದಾಚೆಯ ಬೀಸುವ ಮನೆಯಿಂದ ಕಲ್ಲಿಗೆ ಕಲ್ಲು ತೇಯುವ ಒಣ ಸದ್ದು ಕೇಳಿಸಿತು. ಸಂಬಳದ ಹೆಂಗಸರೆಲ್ಲ ಜಗಲಿಯಲ್ಲೇ ಇದ್ದರು.

“ಯಾವನೋ ಆಟ ಕಟ್ತಾವ್ನೆ. ಉಳಿದ ರಾಗಿ ಬೀಸಿ ಬರ್ತೀನಿ, ನಿಮ್ಮ ಬಾಯಿ ಮುಚ್ಚಲಿ!” ಎಂದು ಚೈತ್ರ ಎದ್ದಳು.

“ಹೋಗಬೇಡ ಕಣೇ,” ಎಂದ ಮುನಿಕೃಷ್ಣ.

“ನೀವೂ ಅಜ್ಜಿ ಕಡೇನಾ?” ಸೆರಗು ಹೊದ್ದು ಚೈತ್ರ ಮಳೆಗಿಳಿದಳು.

ಒಣ ಸದ್ದು ನಿಂತಿತು. ಮತ್ತೆ ಶುರುವಾದದ್ದು ಕಾಳು ನುರಿಯುವ ಮೆತ್ತನೆಯ ಸದ್ದು. ಮುನಿಕೃಷ್ಣ ಓಡಿದ. ಒಳಗೆ ಎದುರುಬದುರು ಎರಡು ಮಣೆ, ಒಂದರ ಮೇಲೆ ನೆಂದ ಸೀರೆಯ ಒದ್ದೆ. ಜನವಿಲ್ಲ. ಕಲ್ಲು ಮಾತ್ರ ತಿರುಗುತ್ತಿತ್ತು.

ಚೈತ್ರ ಇವತ್ತಿಗೂ ಬಂದಿಲ್ಲ. ಕೇಳಿದವರಿಗೆ ಅಜ್ಜಿ ಹೇಳುವುದು ಇಷ್ಟೇ:

“ನಮ್ಮ ಮುನಿ ದಿನಾ ಹೋಗಿ ಆ ಕಲ್ಲಿಗೆ ಒಂದು ಹಿಡಿ ರಾಗಿ ಹಾಕಿ ಬರ್ತಾನೆ... ಕಾಳು ಮುಗಿದ್ರೆ ಅವಳೂ ಬರೀ ಕಲ್ಲು ತಿರುಗಿಸಬೇಕಲ್ಲ?”