ಪಾಲಿಗೆ ಕೊಟ್ಟ ಕೋಳಿಯ ತಕರಾರು

ಹೇಳಿಕೆ ಕೊಡುವವರು: ಶ್ರೀಮತಿ ತನುಜಾ ಕೋಂ ಮೃತ್ಯುಂಜಯ ಹಾವಣಗಿ, ವಯಸ್ಸು 47 ವರ್ಷ, ಉದ್ಯೋಗ ಮನೆಯಲ್ಲೇ ಹೊಲಿಗೆ ಕೆಲಸ, ವಾಸ ಗಿರಣಿ ಓಣಿ, ಅಕ್ಕಿಆಲೂರು, ತಾಲೂಕು ಹಾನಗಲ್ಲ, ಜಿಲ್ಲೆ ಹಾವೇರಿ.

ದಿನಾಂಕ 22-11-2025, ಶನಿವಾರ ಬೆಳಿಗ್ಗೆ 11 ಗಂಟೆಗೆ ಅಕ್ಕಿಆಲೂರು ಹೊರಠಾಣೆಗೆ ಖುದ್ದು ಹಾಜರಾಗಿ, ಎ.ಎಸ್.ಐ. ಮುನಾಫ ಸಾಹೇಬರ ಮುಂದೆ ಕೋಳಿ ಕಳುವಿನ ಬಗ್ಗೆ ನಾನು ಹೇಳಿ ಬರೆಯಿಸುವ ಸಂಗತಿ ಹೀಗಿದೆ.

ನಾನು ಮೇಲಿನ ವಿಳಾಸದಲ್ಲಿ ಗಂಡನೊಂದಿಗೆ ವಾಸವಾಗಿರುತ್ತೇನೆ. ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಎಂಟಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಇಡೀ ದಿನ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಒಬ್ಬಳೇ ಇರುತ್ತೇನೆ. ನಮ್ಮ ಹಿತ್ತಲ ಗೋಡೆಗೆ ಹೊಂದಿಕೊಂಡು ಸರೋಜವ್ವ ಎಂಬುವವರ ಮನೆ ಇದೆ. ಅವರಿಗೆ 63 ವರ್ಷ. ಹುಟ್ಟಿದಾಗಿನಿಂದ ಕೋಳಿ ಸಾಕಿಕೊಂಡು ಬಂದವರು. ಅವರನ್ನು ನಾನು ಸರೋಜಕ್ಕ ಎಂದು ಕರೆಯುತ್ತಿದ್ದೆನು. ಈಗ ಕರೆಯುವುದಿಲ್ಲ. ಆದಕಾರಣ ಈ ಹೇಳಿಕೆಯಲ್ಲಿ ಸರೋಜವ್ವ ಎಂದೇ ಬರೆಯಬೇಕು ಎಂದು ಸಾಹೇಬರಿಗೆ ತಿಳಿಸಿದ್ದೇನೆ.

2023ನೇ ಇಸವಿಯ ದೀಪಾವಳಿ ಮುಗಿದ ವಾರದಲ್ಲಿ, ಸಂಜೆ ಐದರ ಸುಮಾರಿಗೆ, ಸದರಿ ಸರೋಜವ್ವ ಕಂಕುಳಲ್ಲಿ ಒಂದು ಕಂದು ಬಣ್ಣದ ಹೇಂಟೆಯನ್ನು ಇಟ್ಟುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ನಮ್ಮ ಮನೆಯಲ್ಲಿ ತತ್ತಿಯನ್ನು ಒಲೆಗೆ ಏರಿಸುವುದಿಲ್ಲ, ನನಗೆ ಕೋಳಿ ಯಾಕೆ ಎಂದು ಕೇಳಿದೆನು. ಅದಕ್ಕೆ ಅವರು, "ತಿನ್ನಾಕ ಯಾರ್ ಕೊಟ್ಟಾರವಾ? ಒಬ್ಬಾಕಿನ ಕುಂತು ಮಷೀನ್ ಜೋಡಿ ಮಾತಾಡ್ತಿ, ಗೋಡಿ ದಾಟಿ ನನಗ ಕೇಳಸತೈತಿ. ಇದರ ಜೋಡಿ ಮಾತಾಡು. ಇದು ತಿರುಗಿ ಮಾತಾಡತೈತಿ" ಎಂದರು.

ಸದರಿ ಕೋಳಿಯನ್ನು ಅವರು ನನಗೆ ಸುಮ್ಮನೆ ಕೊಡಲಿಲ್ಲ, ಪಾಲಿಗೆ ಕೊಟ್ಟರು. ಸಾಹೇಬರು ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದವರಾದ್ದರಿಂದ ಪಾಲು ಎಂದರೇನು ಎಂದು ಬಿಡಿಸಿ ಹೇಳಿದೆನು. ಕೋಳಿ ಇಬ್ಬರಿಗೂ ಅರ್ಧರ್ಧ, ಜೋಪಾನ ಇಟ್ಟುಕೊಂಡವರದು. ತತ್ತಿ ಸಾಕಿದವರಿಗೆ. ಕಾವು ಕೂತು ಮರಿ ಮಾಡಿದರೆ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ನಮ್ಮ ಕಡೆ ಆಡು ಕೋಳಿ ಎಲ್ಲ ಹೀಗೇ ನಡೆಯುತ್ತದೆ, ಅದಕ್ಕೆ ಕಾಗದ ಪತ್ರ ಇರುವುದಿಲ್ಲ.

ಕೋಳಿ ಸಾಕುವುದನ್ನು ಸರೋಜವ್ವನೇ ಕಲಿಸಿದರು. ಮೊದಲ ನಾಲ್ಕು ದಿನ ಕಾಲಿಗೆ ದಾರ ಹಾಕಿ ಕಂಬಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಹಳೇ ಮನೆಗೆ ಓಡುತ್ತದೆ. ಕತ್ತಲಾಗುವ ಮೊದಲು ಬುಟ್ಟಿ ಮುಚ್ಚಿ ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ಮುಂಗುಸಿ ಬಿಡುವುದಿಲ್ಲ. ದಿನಾ ಸಂಜೆ ಒಂದೇ ಹೊತ್ತಿಗೆ, ಒಂದೇ ಕೈಯಿಂದ ನುಚ್ಚು ಹಾಕಬೇಕು, ಆಗ ಕೋಳಿ ಊರೆಲ್ಲ ತಿರುಗಿದರೂ ಆ ಕೈ ಹುಡುಕಿಕೊಂಡು ಬರುತ್ತದೆ. ಗಿರಣಿಯಿಂದ ನನ್ನ ಗಂಡ ಚೀಲಗಟ್ಟಲೆ ನುಚ್ಚು ತರುತ್ತಿದ್ದರು. ಆದರೂ ಸರೋಜವ್ವ ದಿನಾ ಐದಕ್ಕೆ ಬಂದು ತಮ್ಮ ಸೆರಗಿನಲ್ಲಿ ಕಟ್ಟಿ ತಂದ ನುಚ್ಚನ್ನೇ ಹಾಕುತ್ತಿದ್ದರು. ಆಮೇಲೆ ಚಹಾ ಕುಡಿದು ಆರಕ್ಕೆ ಹೋಗುತ್ತಿದ್ದರು. ಆ ಒಂದು ತಾಸು ನಾನು ಮಷೀನು ನಿಲ್ಲಿಸುತ್ತಿದ್ದೆನು.

ಕೋಳಿ ನನ್ನ ಮಷೀನಿನ ಕೆಳಗಿನ ಬಟ್ಟೆ ಚೂರಿನ ಬುಟ್ಟಿಯಲ್ಲಿ ತತ್ತಿ ಇಡತೊಡಗಿತು. ಇಟ್ಟ ತತ್ತಿಗಳನ್ನು ಓಣಿಯ ಬಾಣಂತಿಯರಿಗೆ ಕೊಡುತ್ತಿದ್ದೆನು. ಕೋಳಿಯ ಹೆಸರೇನು ಎಂದು ಸಾಹೇಬರು ಕೇಳಿದರು. ಹೆಸರಿಲ್ಲ, ನಾನು ಅದನ್ನು ನಮ್ಮಾಕಿ ಎನ್ನುತ್ತೇನೆ. ಗುರುತು, ಎಡಗಾಲಿನಲ್ಲಿ ಹಸಿರು ರೇಷ್ಮೆ ದಾರ.

ಮೊದಲ ಸಲ ಕಾವಿಗೆ ಕೂರಿಸುವಾಗ ನಾನು ತತ್ತಿಗಳನ್ನೆಲ್ಲ ಅರಿಷಿಣದ ನೀರಿನಲ್ಲಿ ತಿಕ್ಕಿ ತೊಳೆದು ಇಟ್ಟೆನು. ತತ್ತಿ ಮುಟ್ಟದ ಮನೆತನದವಳಿಗೆ ತೊಳೆಯದೆ ಇಡಲು ಮನಸ್ಸು ಬರಲಿಲ್ಲ. ಮೂರು ವಾರ ಕೋಳಿ ಅನ್ನ ನೀರು ಬಿಟ್ಟು ಕೂತರೂ ಒಂದೂ ಮರಿ ಆಗಲಿಲ್ಲ. ತೊಳೆದರೆ ತತ್ತಿಯ ಮೇಲಿನ ಪೊರೆ ಹೋಗಿ ಒಳಗೆ ಕೆಡುತ್ತದಂತೆ. ಸರೋಜವ್ವ ಓಣಿಗೆ ಕೇಳುವಂತೆ, "ತತ್ತಿಗೆ ಯಾತರ ಮಡಿ? ಆ ಮೂಕ ಜೀವದ ಹೊಟ್ಟಿ ಉರಿಸಿದಿ" ಎಂದು ಬೈದರು. ನಾನು ಅತ್ತೆನು. ಈ ಬೈಗುಳ ಮುಂದೆ ಬೇಕಾಗುವುದರಿಂದ ಬರೆಯಿಸಿದ್ದೇನೆ.

ಎರಡನೇ ಸಲ ಒಂಬತ್ತು ಮರಿಗಳಾದವು. ಹಂಚಿಕೆಗೆ ಸರೋಜವ್ವ ಬಂದು, ಮರಿಗಳ ಮೇಲೆ ಬುಟ್ಟಿ ಮುಚ್ಚಿದರು. ಅವರೊಮ್ಮೆ ನಾನೊಮ್ಮೆ ನೋಡದೆ ಕೈ ಹಾಕಿ ತೆಗೆದೆವು. ನಾಲ್ಕು ನಾಲ್ಕು ಆಗಿ ಒಂದು ಉಳಿಯಿತು. ಅದನ್ನು ನೀವೇ ಒಯ್ಯಿರಿ ಎಂದೆನು. "ಇರಲಿ ಬಿಡು, ಬಾಕಿ" ಎಂದರು. ಮುಂದಿನ ಸಲ ಆ ಹಳೇ ಬಾಕಿಯನ್ನು ಒಯ್ದರು, ಹೊಸದಾಗಿ ಎಂಟು ಮರಿಗಳಾಗಿ ಸರಿಸಮ ಬಂದವು. ಆಗಲೂ ಒಂದು ಕರಿ ಮರಿಯ ಕಾಲು ಸೊಟ್ಟ ಇದೆ, ಗಟ್ಟಿಯಾದ ಮೇಲೆ ನೋಡೋಣ ಎಂದು ಅದನ್ನು ಬಾಕಿ ಇಟ್ಟು ಹೋದರು. ಆ ಮರಿಯ ಕಾಲು ನೆಟ್ಟಗೇ ಇತ್ತು. ಮುದುಕಿಯ ಕಣ್ಣು ಮಂಜಾಗಿವೆ ಎಂದು ತಿಳಿದೆನು. ನನ್ನ ಪಾಲಿಗೆ ಬಂದ ಮರಿಗಳನ್ನು ಓಣಿಯವರಿಗೆ ಸಾಕಲು ಕೊಟ್ಟೆನು.

ಹೀಗಿರುವಾಗ ಇದೇ ವರ್ಷ ಜೂನ್ ತಿಂಗಳಲ್ಲಿ ನಮ್ಮ ಎದುರು ಮನೆಗೆ ಶ್ರೀವಿದ್ಯಾ ಎಂಬುವವರು ಬಾಡಿಗೆಗೆ ಬಂದರು. ವಯಸ್ಸು 34, ಬ್ಯಾಂಕಿನಲ್ಲಿ ಕೆಲಸ, ಸವಣೂರಿನಿಂದ ಬದಲಿಯಾಗಿ ಬಂದವರು. ಗಂಡ ಶಿಗ್ಗಾವಿಯಲ್ಲಿದ್ದು ಶನಿವಾರ ಬರುತ್ತಾರೆ. ಅವರ ಬಾಗಿಲಿಗೂ ನನ್ನ ಕಿಟಕಿಗೂ ನಲವತ್ತು ಅಡಿ. ಮಾತು ಕೇಳುವುದಿಲ್ಲ, ನಗು ಕೇಳುತ್ತದೆ.

ನನ್ನ ಕೋಳಿಯನ್ನು ನೋಡಿ ಅವರಿಗೂ ಕೋಳಿ ಬೇಕೆನಿಸಿತು. ಮೊಬೈಲಿನಲ್ಲಿ ನೋಡಿ ಕಲಿತು, ಹುಬ್ಬಳ್ಳಿಯಿಂದ ಹಸಿರು ಬಣ್ಣದ ಕಟ್ಟಿಗೆಯ ಗೂಡು ತರಿಸಿದರು. ಗೂಡಿಗೆ ಕಿಟಕಿ ಇದೆ, ಕಿಟಕಿಗೆ ಪರದೆ ಇದೆ. ಗೂಡು ನೋಡಲು ಹೋದ ಸರೋಜವ್ವ ಅದಕ್ಕೆ ಎರಡು ಕೋಳಿ ಕೊಟ್ಟರು, ನನ್ನ ಹಾಗೆ ಪಾಲಿಗೇ ಇರಬೇಕು ಎಂದು ತಿಳಿದೆನು. ಮರುದಿನವೂ ಹೋದರು. ಆಮೇಲೆ ನಮ್ಮ ಮನೆಗೆ ಐದರ ಬದಲು ಐದೂವರೆಗೆ ಬರತೊಡಗಿದರು. ಆಮೇಲೆ ದಿನ ಬಿಟ್ಟು ದಿನ. ಬಂದಾಗಲೂ ಬಾಯಲ್ಲಿ ಅವರದೇ ಮಾತು. ಅವರ ಮನೆಯ ಕಾಫಿ ಹೀಗೆ, ಅವರ ಮಾತು ಎಷ್ಟು ಮೆತ್ತಗೆ, ಪಾಪ ಒಬ್ಬಂಟಿ. ಒಬ್ಬಂಟಿ ಎಂದರೆ, ನನ್ನ ಮನೆಯಲ್ಲೇನು ಮದುವೆ ನಡೆದಿತ್ತೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು.

ಆಗಸ್ಟ್ ತಿಂಗಳಲ್ಲಿ ಸದರಿ ಶ್ರೀವಿದ್ಯಾ ಸಹ ತತ್ತಿಗಳನ್ನು ಅರಿಷಿಣದ ನೀರಿನಲ್ಲಿ ತೊಳೆದು ಕಾವಿಗೆ ಇಟ್ಟರು. ನನ್ನದೇ ತಪ್ಪು, ಅದೇ ಅರಿಷಿಣ. ಆದರೆ ಅವರಿಗೆ ಬೈಗುಳ ಬೀಳಲಿಲ್ಲ. ಸರೋಜವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಮಷೀನು ನಿಲ್ಲಿಸಿ ಆ ನಗು ಕೇಳಿಸಿಕೊಂಡೆನು. ಆ ದಿನ ಒಂದು ಜಂಪರಿಗೆ ಎರಡೂ ಎಡ ತೋಳು ಹಚ್ಚಿ ಬಿಚ್ಚಿದ್ದೇನೆ. ಸಾಹೇಬರು ಇದು ಕೇಸಿಗೆ ಸಂಬಂಧವಿಲ್ಲ ಎಂದರು. ಸಂಬಂಧವಿದೆ, ಬರೆಯಿರಿ ಎಂದೆನು.

ಸೆಪ್ಟೆಂಬರ್ ಕೊನೆಯಲ್ಲಿ ಶ್ರೀವಿದ್ಯಾ ಜಂಪರು ಹೊಲಿಸಲು ನನ್ನ ಮನೆಗೆ ಬಂದರು. ಅಳತೆ ಕೊಡುತ್ತ, "ಸರೋಜಮ್ಮ ಎಷ್ಟು ದೊಡ್ಡ ಮನಸ್ಸಿನವರರೀ. ಎರಡೂ ಕೋಳಿ ನನಗ ಹಂಗಽ ಕೊಟ್ರು, ಪಾಲು ಗೀಲು ಏನೂ ಬ್ಯಾಡಂದ್ರು" ಎಂದರು. ಅವರಿಗೆ ಎರಡು, ಅದೂ ಸುಮ್ಮನೆ. ನನಗೆ ಒಂದು, ಅದೂ ಅರ್ಧ. ಎರಡು ವರ್ಷ ಚಹಾ ಕುಡಿದ ಮನೆಗೆ ಹಂಚಿಕೆ, ನಾಲ್ಕು ತಿಂಗಳ ಪರಿಚಯಕ್ಕೆ ದಾನ. ಶ್ರೀವಿದ್ಯಾ ಅವರ ಜಂಪರಿನ ತೋಳು ಬಿಗಿಯಾದದ್ದು ಮಾತ್ರ ನಾನು ಬೇಕೆಂದು ಮಾಡಿದ್ದಲ್ಲ. ಅದನ್ನು ಯಾರೂ ಕೇಳಿಲ್ಲ, ಆದರೂ ಬರೆಯಿಸಿದ್ದೇನೆ.

ಅದೇ ರಾತ್ರಿ ಗಂಡನ ಕೈಯಲ್ಲಿ ಬಾಕಿ ಉಳಿದಿದ್ದ ಕರಿ ಮರಿಯನ್ನು ಸರೋಜವ್ವನ ಮನೆಗೆ ಕಳಿಸಿದೆನು. ಇಲ್ಲಿಗೆ ಲೆಕ್ಕ ಚುಕ್ತಾ, ಪಾಲು ಮುರಿಯಿತು, ತಾಯಿ ಕೋಳಿ ಬೇಕಾದರೆ ಅದನ್ನೂ ಒಯ್ಯಿರಿ ಎಂದು ಹೇಳಿ ಕಳಿಸಿದೆನು. ಅವರು ಮರಿಯನ್ನು ತೆಗೆದುಕೊಂಡು, ತಾಯಿ ಕೋಳಿ ಆಕೆಯ ಹತ್ತಿರವೇ ಇರಲಿ ಎಂದರಂತೆ. ಮರುದಿನದಿಂದ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ನಾನೂ ಕರೆಯಲಿಲ್ಲ. ಐದಕ್ಕೆ ನಾನೇ ನುಚ್ಚು ಹಾಕುತ್ತಿದ್ದೆನು. ಕೋಳಿ ಅರ್ಧ ತಿಂದು ಹಿತ್ತಲ ಬಾಗಿಲ ಕಡೆ ನೋಡುತ್ತಿತ್ತು.

ದಿನಾಂಕ 20-11-2025, ಗುರುವಾರ ಸಂಜೆ ಬುಟ್ಟಿ ಮುಚ್ಚಲು ಹೋದರೆ ಕೋಳಿ ಇರಲಿಲ್ಲ. ಹಿತ್ತಲು, ಗಟಾರ, ಗಿರಣಿಯ ಹೊಟ್ಟಿನ ಗುಡ್ಡೆ ಎಲ್ಲ ಹುಡುಕಿದೆನು. ಎದುರು ಮನೆಯ ಹಸಿರು ಗೂಡಿನ ಪರದೆಯ ಹಿಂದೆ ಅದರ ದನಿ ಕೇಳಿಸಿತು. ಕಾಲಲ್ಲಿ ನನ್ನ ರೇಷ್ಮೆ ದಾರ ಇತ್ತು. "ಏನ್ರಿ ಬಾಯಾರ, ನಮ್ಮಕ್ಕನ ತಗೊಂಡ್ರಿ, ಕೋಳೀನೂ ತಗೊಂಡ್ರ್ಯಾ?" ಎಂದೆನು. ಕೋಪದಲ್ಲಿ ಬಾಯಿಗೆ ಬಂದದ್ದು ಹಾಗೇ ಬಂತು. ಅದಕ್ಕೆ ಶ್ರೀವಿದ್ಯಾ, "ನಿಮ್ಮ ಕೋಳಿ ತಾನಽ ಬರ್ತದರೀ, ಒಂದು ವಾರ ಆತು. ಅದು ಇಟ್ಟ ತತ್ತಿ ಬ್ಯಾರೆ ಡಬ್ಬ್ಯಾಗ ಇಟ್ಟೇನಿ. ನಾವು ತತ್ತೀನಽ ತಿನ್ನದವರು, ಕೋಳಿ ಕದ್ದು ಏನ್ ಮಾಡೋಣ್ರಿ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನಾನು ಅಂದೆನು. ಓಣಿಯ ಜನ ಸೇರಿದರು. ನನ್ನ ಗಂಡ, "ಇದು ಕೋಳಿ ಕೇಸ್ ಅಲ್ಲ, ಹೊಟ್ಟಿಕಿಚ್ಚಿನ ಕೇಸ್. ಮನಿಗೆ ನಡಿ" ಎಂದರು. ನಾನು ಮನೆಗೆ ಹೋಗಲಿಲ್ಲ, ಠಾಣೆಗೆ ಬಂದೆನು. ಮರುದಿನ ಸಾಹೇಬರು ಸ್ಥಳಕ್ಕೆ ಬಂದು ಕೋಳಿಯನ್ನು ಮುದ್ದೆಮಾಲು ಎಂದು ಠಾಣೆಗೆ ತಂದು ಬೆಂಚಿನ ಕೆಳಗೆ ಬುಟ್ಟಿ ಮುಚ್ಚಿ ಇಟ್ಟಿದ್ದಾರೆ.

ಕಾರಣ ಸದರಿ ಶ್ರೀವಿದ್ಯಾ ಅವರ ಮೇಲೆ ಕಾನೂನು ಕ್ರಮ ಆಗಬೇಕು ಎಂದು ಇಲ್ಲಿಯ ತನಕ ಬರೆಯಿಸುವಾಗ ಹನ್ನೆರಡು ಗಂಟೆಯಾಗಿತ್ತು. ಆಗ ಸಾಕ್ಷಿ ಹೇಳಲು ಸರೋಜವ್ವ ಬಂದರು. ನನ್ನ ಕಡೆ ನೋಡಲಿಲ್ಲ. ಬುಟ್ಟಿಯೊಳಗಿನ ಕೋಳಿ ಅವರ ದನಿ ಕೇಳಿ ಕೊಕ್ಕಿನಿಂದ ಬುಟ್ಟಿ ಕುಟ್ಟತೊಡಗಿತು. ಅವರು ಸೆರಗಿನ ಗಂಟು ಬಿಚ್ಚಿ ಬುಟ್ಟಿಯ ಸಂದಿನಲ್ಲಿ ನುಚ್ಚು ಹಾಕಿದರು.

ಕೋಳಿ ಯಾರದು ಎಂದು ಸಾಹೇಬರು ಕೇಳಿದ್ದಕ್ಕೆ, "ಅರ್ಧ ನಂದಿತ್ತು ಸಾಹೇಬ್ರ. ಈಗ ಪೂರಾ ಈಕೀದ. ಈಕೀನ ಚುಕ್ತಾ ಮಾಡ್ಯಾಳ" ಎಂದರು. ಎದುರು ಮನೆಯವರು ಕದ್ದರೇ ಎಂದು ಕೇಳಿದ್ದಕ್ಕೆ, "ಆ ಬಾಯಿ ಯಾಕ ಕದೀತಾಳರಿ? ಐದಕ್ಕ ನಾ ಅಲ್ಲಿ ಕುಂತಿರ್ತೇನಿ, ಅಲ್ಲಿಗೆ ಬಂದೈತಿ. ನಲವತ್ತು ಫೂಟ್ ರಸ್ತೆ. ಈಕಿ ದಾಟಲಿಲ್ಲ, ಕೋಳಿ ದಾಟಿತು" ಎಂದರು.

ಅವರಿಗೆ ಎರಡು ಕೋಳಿ ಸುಮ್ಮನೆ ಕೊಟ್ಟು ನನಗೆ ಪಾಲಿಗೆ ಕೊಟ್ಟದ್ದು ಯಾಕೆ ಎಂದು ಕೇಳಬೇಕೆಂದು ನಾನು ಸಾಹೇಬರನ್ನು ಒತ್ತಾಯಿಸಿದೆನು. ಸಾಹೇಬರು ಕೇಳಿದರು. ಸರೋಜವ್ವ ಸೆರಗಿನ ಗಂಟು ಮತ್ತೆ ಕಟ್ಟುತ್ತ ಹೇಳಿದ್ದೇನೆಂದರೆ, "ಬ್ಯಾಂಕಿನ ಬಾಯಿ ಇವತ್ತ ಇಲ್ಲಿ, ನಾಳೆ ಬದ್ಲಿ ಆಗಿ ಹೋಗಾಕಿ. ಆಕಿ ಕೂಡ ಪಾಲಿಟ್ಟು ಏನ್ ಮಾಡ್ಲಿ? ಹಂಗ ಕೊಟ್ರ ಕೊಟ್ಟಲ್ಲಿಗೆ ಮುಗೀತರಿ. ಪಾಲಂದ್ರ ಮುಗಿಯಂಗಿಲ್ಲ, ಹೋಗೂದು ಬರೂದು ಇರತೈತಿ. ಅದನ್ನ ಸಾಯೂತನಾ ಜೋಡಿ ಇರಾಕಿ ಕೂಡನ ಇಡಬೇಕು. ಅದಕ್ಕ ಪ್ರತಿ ಸಲ ಒಂದು ಮರಿ ಬಾಕಿ ಬಿಡ್ತಿದ್ನಿ. ಈಕಿ ಅದನ್ನೂ ಕಳಿಸಿಬಿಟ್ಲು" ಎಂದರು.

ಕರಿ ಮರಿಯ ಕಾಲು ಸೊಟ್ಟ ಇರಲಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ನನಗೆ ಇಂದು ಗೊತ್ತಾಯಿತು. ನಾನು ಅತ್ತಿದ್ದರಿಂದ ಹೇಳಿಕೆ ಬರೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು. ಸಾಹೇಬರು ಚಹಾ ತರಿಸಿದರು.

ಮುಂದುವರಿಸಿ ಬರೆಯಿಸುವುದೇನೆಂದರೆ, ಶ್ರೀವಿದ್ಯಾ ಅವರ ಮೇಲೆ ಕೋಳಿ ಕಳುವಿನ ಬಗ್ಗೆ ನನ್ನ ತಕರಾರು ಇರುವುದಿಲ್ಲ. ಜಂಪರಿನ ತೋಳು ಬಿಚ್ಚಿ ಸಡಿಲ ಮಾಡಿ ಕೊಡುತ್ತೇನೆ. ಸಂಜೆ ಐದರಿಂದ ಆರರ ತನಕದ ವಿಷಯದಲ್ಲಿ ಮಾತ್ರ ನನ್ನ ತಕರಾರು ಹಾಗೇ ಇದೆ. ಬೇಕಾದರೆ ಅವರೂ ನಮ್ಮ ಮನೆಗೇ ಬಂದು ಕೂರಲಿ, ಚಹಾ ನಾನು ಕೊಡುತ್ತೇನೆ. ಕಾಫಿ ಕೊಡುವುದಿಲ್ಲ.

ಕೋಳಿಯನ್ನು ನನ್ನ ವಶಕ್ಕೆ ಕೊಡುವುದಾಗಿ ಸಾಹೇಬರು ಹೇಳಿದರು. ಪೂರಾ ಕೋಳಿ ನನ್ನದೆಂದು ಬರೆದರೆ ನಾನು ಸಹಿ ಮಾಡುವುದಿಲ್ಲ ಎಂದೆನು. ಅರ್ಧ ಕೋಳಿ ಕೊಡಲು ಕಾನೂನಿನಲ್ಲಿ ಬರುವುದಿಲ್ಲ ಎಂದು ಸಾಹೇಬರು ನಕ್ಕರು. ಹಾಗಾದರೆ ಇಬ್ಬರ ಹೆಸರಲ್ಲಿ ಬರೆಯಿರಿ ಎಂದೆನು. ಕರಿ ಮರಿಯನ್ನೂ ವಾಪಸು ಕಳಿಸಬೇಕು, ಅದು ಬಾಕಿಯಲ್ಲಿರಬೇಕು ಎಂದು ಸಾಹೇಬರ ಮುಖಾಂತರ ಕೇಳಿದೆನು. ಸರೋಜವ್ವ, "ಅದಕ್ಕ ಪೊಲೀಸರು ಯಾಕಬೇ? ಸಂಜಿಕ ತರ್ತೇನಿ ತಗೊ" ಎಂದು ನನಗೇ ಹೇಳಿದರು. ಆದಕಾರಣ ಈ ಹೇಳಿಕೆಯಲ್ಲಿ ಸರೋಜವ್ವ ಎಂದು ಬರೆದ ಕಡೆಯಲ್ಲೆಲ್ಲ ಸರೋಜಕ್ಕ ಎಂದು ಓದಿಕೊಳ್ಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಆಡಿದಂತೆಯೇ ಇದೆ, ಕೋಪದಲ್ಲಿ ಆಡಿದ್ದೂ ಇದೆ, ಯಾವುದನ್ನೂ ಹೊಡೆದು ಹಾಕುವುದು ಬೇಡ.

ಸ್ಥಳ: ಅಕ್ಕಿಆಲೂರು ಹೊರಠಾಣೆ
ದಿನಾಂಕ: 22-11-2025
ಸಹಿ: ತನುಜಾ ಮೃತ್ಯುಂಜಯ ಹಾವಣಗಿ

ಕೋಳಿ ಮುಟ್ಟಿದ ಬಗ್ಗೆ:
ಅರ್ಧ ಮುಟ್ಟಿತು. ಸಹಿ: ತನುಜಾ
ಅರ್ಧ ಮುಟ್ಟಿತು. ಸರೋಜವ್ವ ಇವರ ಎಡಗೈ ಹೆಬ್ಬೆರಳಿನ ಗುರುತು

ಷರಾ: ಸದರಿ ಕೋಳಿ ಠಾಣೆಯಲ್ಲಿದ್ದಾಗ ಬೆಂಚಿನ ಕೆಳಗೆ ಒಂದು ತತ್ತಿ ಇಟ್ಟಿರುತ್ತದೆ. ತೊಳೆದಿರುವುದಿಲ್ಲ. ಇದು ಯಾರಿಗೆ ಸೇರಬೇಕೆಂದು ಉಭಯತರನ್ನು ಕೇಳಲಾಗಿ, ಬಾಕಿ ಇರಲಿ ಎಂದು ಇಬ್ಬರೂ ಹೇಳಿರುತ್ತಾರೆ.