ಊರ ಕಣ್ಣು

ಬೆಳಗ್ಗೆ ತಾರಸಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಟೈಲರಮ್ಮನ ಕೈ, ಗೋಡೆಯಾಚೆ ಪಕ್ಕದ ಮನೆಯ ಅತ್ತೆ ಸೊಸೆಯರ ಮಾತು ಕಿವಿಗೆ ಬಿದ್ದು ನಿಂತಿತು.

“ಎರಡು ತಿಂಗಳಾಯ್ತು ಅತ್ತೆ. ಇವತ್ತು ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರ್ಲಾ?”

“ಈಗ್ಲೇ ಯಾಕಮ್ಮ ಡಂಗುರ? ಅಲ್ಲಿ ಸಾಲಲ್ಲಿ ನಿಂತ್ರೆ ಊರ ಕಣ್ಣೆಲ್ಲ ನಿನ್ ಹೊಟ್ಟೆ ಮೇಲೇನೇ. ಐದು ತುಂಬ್ಲಿ.”

“ಬೇಗ ಬಾ ಅಂತ ನರ್ಸಮ್ಮ ಹೇಳಿದ್ರು.”

“ನಾನು ನಾಲ್ಕು ಹೆತ್ತೋಳು. ಅವಳಿಗಿನ್ನೂ ಮದುವೇನೇ ಆಗಿಲ್ಲ.”

ಸೊಸೆ ನಗಲಿಲ್ಲ. ಹೋದ ವರ್ಷ ಟೈಲರಮ್ಮನೇ ಹೊಲಿದುಕೊಟ್ಟ ಪುಟ್ಟ ಅಂಗಿಯನ್ನು ಅವಳು ತಂತಿಗೆ ಹಾಕುತ್ತಿದ್ದಳು. ಅದನ್ನು ಯಾರೂ ತೊಟ್ಟಿರಲಿಲ್ಲ.

“ಹೂಂ ಅತ್ತೆ. ಆಯ್ತು.”

ಇಬ್ಬರೂ ಮೆಟ್ಟಿಲಿಗೆ ತಿರುಗಿದರು. ಅವರ ಜೊತೆ ಬಂದಿದ್ದ, ಖಾಲಿ ಬುಟ್ಟಿ ಹೊತ್ತ ಪುಟ್ಟ ಮೊಮ್ಮಗಳು ಮಾತ್ರ ಕದಲಲಿಲ್ಲ.

“ಅಜ್ಜಿ, ಹೋದ್ಸಲ ನಾವು ಯಾರಿಗೂ ಹೇಳಿರ್ಲೇ ಇಲ್ವಲ್ಲ. ಮತ್ತೆ ಪಾಪು ಮೇಲೆ ಯಾರ ಕಣ್ಣು ಬಿತ್ತು?”