ಬಿಚ್ಚಿದ ಹೊಲಿಗೆ

ಪ್ಯಾಂಟಿನ ಅಂಚು ಹೊಲಿಸಲು ದರ್ಜಿಯ ಅಂಗಡಿಯಲ್ಲಿ ಕಾಯುತ್ತಿದ್ದೆ. ಕಾಲೇಜು ಹುಡುಗಿಯೊಬ್ಬಳು ಬಂದು, ಕಂಕುಳ ಬಳಿ ಬಾಯಿಬಿಟ್ಟ ಹಸಿರು ಅಂಗಿಯನ್ನು ಮೇಜಿನ ಮೇಲಿಟ್ಟಳು.

“ಸರಿಮಾಡಿ ಕೊಡಿ ಮಾಸ್ಟ್ರೇ. ಶುಕ್ರವಾರ ಇದನ್ನೇ ಹಾಕ್ಕೊಂಡು ಹಾಡ್ಬೇಕು.”

“ಇದು ಫೋನಲ್ಲಿ ಓಡಾಡ್ತಿದ್ದ ಆ ಹಾಡಿನ ವಿಡಿಯೋದಲ್ಲಿ ಬಿಚ್ಕೊಂಡಿದ್ದ ಅಂಗಿ ಅಲ್ವಾ?”

“ನೀವೂ ನೋಡಿದ್ರಾ?”

“ನೋಡಿ ನಕ್ಕೆ. ನಾಲ್ಕು ಜನಕ್ಕೆ ಕಳಿಸ್ದೆ. ಮುಖ ಯಾರದು ಅಂತ ನೋಡ್ಲೇ ಇಲ್ಲಮ್ಮ.”

“ಅದರ ಕೆಳಗೆ ‘ಗುಂಡಮ್ಮ ಹಾಡಿದ್ಲು, ಬಟ್ಟೆ ಹರೀತು’ ಅಂತ ನನ್ನ ಮೈ ಆಡ್ಕೊಂಡು ಬರೆದ್ರು. ಹದಿನೈದು ದಿನ ಮನೆಯಿಂದ ಹೊರಗೆ ಬರ್ಲಿಲ್ಲ ನಾನು.”

ದರ್ಜಿ ಕನ್ನಡಕ ಏರಿಸಿಕೊಂಡು, ಬಿಚ್ಚಿದ ಅಂಚನ್ನು ಬೆರಳಲ್ಲಿ ಸವರಿ ನೋಡಿದ.

“ಬಟ್ಟೆ ಎಲ್ಲಿ ಹರಿದಿದೆ? ಒಂದೆಳೆನೂ ಹೋಗಿಲ್ಲ. ದಾರ ಬಿಟ್ಟಿದೆ. ಎರಡು ಹೊಲಿಗೆ ಹಾಕೋ ಕಡೆ ನಾನೇ ಒಂದು ಹಾಕಿದೀನಿ. ತಪ್ಪು ನಂದು, ನಿನ್ನ ಮೈದಲ್ಲ.”

“ಈಗ ಹೇಳಿದ್ರೆ ಯಾರು ಕೇಳ್ತಾರೆ?”

“ಆ ನಾಲ್ಕು ಜನ ಕೇಳ್ತಾರೆ. ಅಂಗಿ ಹಿಡ್ಕೊ, ಫೋಟೋ ತೆಗೆದು, ತಪ್ಪು ನಂದೇ ಅಂತ ಬರೆದು ಕಳಿಸ್ತೀನಿ. ನಿನ್ನ ಕೈಯಷ್ಟೇ ಕಂಡ್ರೆ ಸಾಕು.”

ಅವಳು ಅಂಗಿಯನ್ನು ಮೇಜಿನಿಂದ ಎತ್ತಿಕೊಂಡಳು.

“ಇಲ್ಲಿ ಬೆಳಕು ಸಾಲ್ದು. ಬಾಗಿಲ ಹತ್ರ ಬನ್ನಿ. ಮುಖಾನೂ ಬರ್ಲಿ.”

ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ದರ್ಜಿ ಅವಳ ಹಿಂದೆ ನಡೆದ. ನನ್ನ ಪ್ಯಾಂಟು ಸೂಜಿಯ ಕೆಳಗೇ ಉಳಿಯಿತು.